ಹದಿನಾಲ್ಕು ವರ್ಷ ಬೆನ್ನು ಬಿಡದ ಕ್ಯಾಮೆರಾ

ಡಾಕ್ಯುಮೆಂಟರಿ, ಅದೂ ಮೂರು ಗಂಟೆಗಿಂತ ಜಾಸ್ತಿ ಅಂದಾಗ ಮಧ್ಯದಲ್ಲೇ ಎದ್ದು ಬರುವ ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ಬೆಂಗಳೂರಿನ ಒಂದು ಕಾಲೇಜಿನ ಹಾಲ್‌ನಲ್ಲಿ ಪ್ರದರ್ಶನ. ಚಿತ್ರ, ಆನಂದ್ ಪಟವರ್ಧನ್ ಅವರ ‘ಜೈ ಭೀಮ್ ಕಾಮ್ರೇಡ್’.

ಕತೆಯ ಬೇರು 1997ರ ಜುಲೈ 11ರಲ್ಲಿದೆ. ಮುಂಬೈನ ಘಾಟ್ಕೋಪರ್‌ನಲ್ಲಿರುವ ರಮಾಬಾಯಿ ನಗರದ ಅಂಬೇಡ್ಕರ್ ಪ್ರತಿಮೆಗೆ ಯಾರೋ ಚಪ್ಪಲಿ ಹಾರ ಹಾಕಿದ್ದರು. ಜನ ರಸ್ತೆಗಿಳಿದರು. ಮೀಸಲು ಪೊಲೀಸರು ಗುಂಡು ಹಾರಿಸಿದರು. 10 ಜನ ಸತ್ತರು. ನಾಲ್ಕು ದಿನಕ್ಕೆ ವಿಲಾಸ್ ಘೋಗ್ರೆ ಎಂಬ ದಲಿತ ಹಾಡುಗಾರರು ನೇಣು ಹಾಕಿಕೊಂಡರು. ಪಟವರ್ಧನ್ ಅವರ 1985ರ ‘ಬಾಂಬೆ ಅವರ್ ಸಿಟಿ’ಯಲ್ಲಿ ಹಾಡಿದ್ದವರು ಇದೇ ಘೋಗ್ರೆ. ಗೆಳೆಯ ಯಾಕೆ ಹೋದ ಅಂತ ಹುಡುಕುತ್ತಾ ಹೊರಟ ಪಟವರ್ಧನ್ ಚಿತ್ರ ಮುಗಿಸುವಷ್ಟರಲ್ಲಿ 14 ವರ್ಷ ಕಳೆದಿತ್ತು.

ನಾನು ಬೆಳಗಾವಿ ಕಡೆಯವಳು, ಮರಾಠಿ ಕೇಳುತ್ತಲೇ ಬೆಳೆದವಳು. ಶಾಹೀರರ, ಅಂದರೆ ಮರಾಠಿ ಜನಪದ ಹಾಡುಗಾರರ, ಹಾಡು ಬಂದಾಗ ಸಬ್‌ಟೈಟಲ್‌ಗಿಂತ ಮೊದಲೇ ನನಗೆ ನಗು ಬರುತ್ತಿತ್ತು. ಪಕ್ಕದಲ್ಲಿದ್ದ ಮೈಸೂರಿನ ಗೆಳತಿ ‘ಏನೇ ಅದು?’ ಅಂತ ತಿವಿಯುತ್ತಿದ್ದಳು. ಸಾವಿನ ಕತೆಯಲ್ಲಿ ಇಷ್ಟೊಂದು ಹಾಡು, ಇಷ್ಟೊಂದು ಕೀಟಲೆ ಇರಬಹುದು ಅಂತ ನಾನು ಅಂದುಕೊಂಡಿರಲಿಲ್ಲ. ಎದ್ದು ಬರುವ ಲೆಕ್ಕ ಅಲ್ಲೇ ತಪ್ಪಿತು.

ನನ್ನನ್ನು ಹಿಡಿದು ಕೂರಿಸಿದ್ದು ಟ್ಯಾಂಕರ್‌ನ ವಿಷಯ. ಜನ ಗ್ಯಾಸ್ ಟ್ಯಾಂಕರ್‌ಗೆ ಬೆಂಕಿ ಹಚ್ಚಲು ಹೊರಟಿದ್ದರು, ಅದಕ್ಕೇ ಗುಂಡು ಹಾರಿಸಬೇಕಾಯಿತು ಅನ್ನುವುದು ಪೊಲೀಸರ ವಾದ. ಟ್ಯಾಂಕರ್ ನಿಂತಿದ್ದೆಲ್ಲಿ, ಗುಂಡು ಬಿದ್ದಿದ್ದೆಲ್ಲಿ, ನಡುವೆ ಎಷ್ಟು ದೂರ ಅಂತ ಚಿತ್ರ ನಿಧಾನವಾಗಿ ಬಿಡಿಸಿ ತೋರಿಸುತ್ತದೆ. ಕಿರುಚಾಟವಿಲ್ಲ, ಹಿನ್ನೆಲೆಯಲ್ಲಿ ಢಂ ಢಂ ಇಲ್ಲ. ನಮ್ಮ ಟಿವಿಯವರು ಇದನ್ನೊಮ್ಮೆ ನೋಡಬೇಕು ಬಿಡಿ.

2009ರಲ್ಲಿ ಸೆಷನ್ಸ್ ಕೋರ್ಟ್, ಗುಂಡು ಹಾರಿಸಲು ಆದೇಶ ಕೊಟ್ಟಿದ್ದ ಪೊಲೀಸ್ ಅಧಿಕಾರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದೆ ಹೈಕೋರ್ಟ್‌ನಲ್ಲಿ ಜಾಮೀನು ಸಿಕ್ಕಿತು. ಪೇಪರ್‌ನಲ್ಲಿ ಓದಿದರೆ ಇವು ಬೇರೆ ಬೇರೆ ದಿನದ ಎರಡು ಸುದ್ದಿ, ಅಷ್ಟೇ. ಇಲ್ಲಿ ಹಾಗಲ್ಲ. ಅದೇ ಓಣಿಗೆ ಕ್ಯಾಮೆರಾ ಮತ್ತೆ ಮತ್ತೆ ಹೋಗುತ್ತದೆ. ಕಾದವರಿಗೆ ವಯಸ್ಸಾಗಿರುವುದು ನಮ್ಮ ಕಣ್ಣಿಗೇ ಕಾಣುತ್ತದೆ. ಕೊನೆಯ ಭಾಗದಲ್ಲಿ ಪುಣೆಯ ಕಬೀರ್ ಕಲಾ ಮಂಚ್ ಎಂಬ ಹಾಡು-ನಾಟಕದ ತಂಡದ ಶೀತಲ್ ಸಾಠೆ ಹಾಡುತ್ತಾರೆ. ಎಂಥಾ ಗಂಟಲು!

ಆಮೇಲೆ ಚರ್ಚೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, ‘ಇದರಿಂದ ಆ ಜನಕ್ಕೆ ಏನು ಸಿಕ್ತು ಸರ್?’ ಅಂತ ನೇರವಾಗಿ ಕೇಳಿದ. ಮೈಕ್ ಹಿಡಿದವರು ತಡವರಿಸಿದರು. ನಾನು ಬಾಯಿ ಹಾಕಿದೆ. ಇದೇ ಪ್ರಶ್ನೆಯನ್ನು ‘ಬಾಂಬೆ ಅವರ್ ಸಿಟಿ’ಯಲ್ಲಿ ಗುಡಿಸಲಿನ ಒಬ್ಬ ಹೆಂಗಸು ಕ್ಯಾಮೆರಾ ಮುಂದೆಯೇ ಕೇಳಿ ಪಟವರ್ಧನ್ ಅವರನ್ನು ಬೈಯುತ್ತಾಳೆ, ಅವರು ಅದನ್ನು ಕತ್ತರಿಸದೆ ಹಾಗೇ ಇಟ್ಟಿದ್ದಾರೆ ಅಂದೆ.

‘ಇಟ್ರು ಸರಿ ಮೇಡಂ. ಆ ಹೆಂಗಸಿಗೆ ಉತ್ತರ ಕೊಟ್ರಾ?’ ಅಂದ ಹುಡುಗ. ಅವನ ಹಟ ನನಗೆ ಇಷ್ಟವಾಯಿತು. ವಾದ ಕಾಲೇಜಿನ ಗೇಟು ದಾಟಿ ಕಾಫಿ ಅಂಗಡಿಯವರೆಗೂ ನಡೆಯಿತು, ಅಲ್ಲೂ ಮುಗಿಯಲಿಲ್ಲ.