ಅಷ್ಟಕ್ಕೋಸ್ಕರ ಅಷ್ಟು ದೂರ ಹೋಗಬೇಕಾ?

ಹೌದು, ಹೋಗಬೇಕು.

ವೈಜ್ಞಾನಿಕ ಕಥೆಗಳ ಅಭಿಮಾನಿಗಳು ಸೇರುವ ವರ್ಲ್ಡ್‌ಕಾನ್‌ಗೆ ಹೋಗುವ ಆಸೆ ಇದೆ ಎಂದು ನಾನು ಬಾಯಿ ಬಿಟ್ಟರೆ ಸಾಕು, ಈ ಪ್ರಶ್ನೆ ಬರುತ್ತದೆ. ಇಷ್ಟು ವರ್ಷ ನಗುತ್ತಲೇ ಉತ್ತರ ಕೊಟ್ಟೆ. ಇನ್ನು ಆಗಲ್ಲ.

ನನಗೆ ಸಿಟ್ಟು ಬರುವುದು ದೂರದ ಮಾತಿಗಲ್ಲ, ಆ "ಅಷ್ಟಕ್ಕೋಸ್ಕರ" ಅನ್ನುವುದಕ್ಕೆ. ಮದುವೆಗೆ ಹೋಗುವವರನ್ನು ಯಾರೂ ಹೀಗೆ ಕೇಳುವುದಿಲ್ಲ. ಅಲ್ಲಿ ನೆಂಟರು ಸಿಗುತ್ತಾರೆ ಅಲ್ವಾ? ನನಗೂ ಅಲ್ಲಿ ಸಿಗುವವರು ನೆಂಟರೇ. ಹೆಸರು ಗೊತ್ತಿಲ್ಲ, ಅಷ್ಟೇ.

"ಮುಂದಿನ ಸಲ ಹೋದರಾಯ್ತು" ಅನ್ನುವವರೂ ಇದ್ದಾರೆ. ಈ ಕೂಟ ವರ್ಷಕ್ಕೊಂದು ಊರಲ್ಲಿ ನಡೆಯುತ್ತದೆ. 1939ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದದ್ದು ಏಷ್ಯಾಕ್ಕೆ ಮೊದಲ ಸಲ ಬಂದದ್ದು 2007ರಲ್ಲಿ, ಜಪಾನಿನ ಯೊಕೊಹಾಮಾಗೆ. ಆಮೇಲೆ 2023ರಲ್ಲಿ ಚೀನಾದ ಚೆಂಗ್ಡುಗೆ. ಯುದ್ಧದಿಂದಾಗಿ 1942ರಿಂದ 1945ರವರೆಗೆ ಕೂಟವೇ ಇರಲಿಲ್ಲ. 2020ರಲ್ಲಿ ನ್ಯೂಜಿಲೆಂಡಿಗೆ ಹೊರಡಲು ಸಿದ್ಧರಾಗಿದ್ದವರು, ಕೋವಿಡ್ ಬಂದು, ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತರು. ಮುಂದಿನ ಸಲ ಅನ್ನುವುದನ್ನು ಹೇಗೆ ನಂಬಲಿ?

ಕಷ್ಟ ಇಲ್ಲ ಅಂತ ನಾನು ಹೇಳುತ್ತಿಲ್ಲ. ದುಡ್ಡಿನದು ಹೇಗೋ ಆಗುತ್ತದೆ. ಜಾಗ ಯಾವುದು ಅಂತ ಸದಸ್ಯರು ಎರಡು ವರ್ಷ ಮೊದಲೇ ಮತ ಹಾಕಿ ಆರಿಸುತ್ತಾರೆ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಎತ್ತಿಡಬಹುದು. ರಜೆಯದ್ದೇ ಜಾಸ್ತಿ ತಲೆನೋವು. ಮನೆಯಲ್ಲಿ ಹುಷಾರಿಲ್ಲದವರಿದ್ದರೆ ಲೆಕ್ಕಾಚಾರವೇ ಬೇಡ, ಉಳಿಯಬೇಕು. ಅಪ್ಪನಿಗೆ ಆಪರೇಷನ್ ಆದ ವರ್ಷ ನಾನು ಉಳಿದೆ. ಅದಕ್ಕೆ ಒಂದು ದಿನವೂ ಬೇಜಾರು ಮಾಡಿಕೊಂಡಿಲ್ಲ. ಹೋಗದವರು ನಿಜವಾದ ಅಭಿಮಾನಿಗಳಲ್ಲ ಅನ್ನುವವರ ಮೇಲೂ ನನಗೆ ಅಷ್ಟೇ ಸಿಟ್ಟಿದೆ.

ಆ ಮೊದಲ ಕೂಟಕ್ಕೆ, ಮುಂದೆ ಹೆಸರಾಂತ ವೈಜ್ಞಾನಿಕ ಕಥೆಗಾರರಾದ ರೇ ಬ್ರಾಡ್ಬರಿ ಲಾಸ್ ಏಂಜಲೀಸ್‌ನಿಂದ ಬಸ್ಸಿನಲ್ಲಿ ಹೋದರು. ಆಗ ಅವರಿಗೆ 18 ವರ್ಷ. ಬೀದಿಯಲ್ಲಿ ನಿಂತು ಪೇಪರ್ ಮಾರುತ್ತಿದ್ದ ಹುಡುಗ. ದಾರಿ ಖರ್ಚಿಗೆ ಸಾಲ ಕೊಟ್ಟದ್ದು ಗೆಳೆಯ ಫಾರೆಸ್ಟ್ ಆಕರ್ಮನ್. ಹೋಗುವಾಗ ಬ್ರಾಡ್ಬರಿ ಇನ್ನೊಬ್ಬ ಗೆಳೆಯ ಹ್ಯಾನೆಸ್ ಬಾಕ್ ಬರೆದ ಚಿತ್ರಗಳನ್ನೂ ಜೊತೆಗೆ ಒಯ್ದು ಸಂಪಾದಕರಿಗೆ ತೋರಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ 'ವಿಯರ್ಡ್ ಟೇಲ್ಸ್' ಪತ್ರಿಕೆಯ ಮುಖಪುಟದಲ್ಲಿ ಬಾಕ್ ಅವರ ಚಿತ್ರ ಬಂತು. ಒಬ್ಬ ದುಡ್ಡು ಕೊಟ್ಟ, ಒಬ್ಬ ಬಸ್ಸು ಹತ್ತಿದ, ಇನ್ನೊಬ್ಬನಿಗೆ ದಾರಿ ತೆರೆಯಿತು. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ನನಗೂ ಯಾರಾದರೂ ಹಾಗೆ ಜೊತೆಗೆ ನಿಲ್ಲಲಿ ಅಂತ ಆಸೆ. ದುಡ್ಡು ಬೇಡ. "ಎಷ್ಟು ದಿನ ಹೋಗ್ತೀಯ? ಮನೆ ಕಡೆ ನಾನು ನೋಡ್ಕೋತೀನಿ" ಅನ್ನಲಿ, ಸಾಕು. ಅಥವಾ ನಾನು ಹೋಗಲಾಗದ ವರ್ಷ, "ನಿನ್ನದೇನಾದರೂ ಒಯ್ಯಲಾ?" ಅನ್ನಲಿ.

ಅಪ್ಪನ ಆಪರೇಷನ್ ವರ್ಷ ಗೆಳೆಯನೊಬ್ಬ ಹಾಗೆ ಕೇಳಿದ. ನನ್ನ ಹತ್ತಿರ ಇದ್ದ ಹಳೆಯ ಪುಸ್ತಕವೊಂದಕ್ಕೆ ಅದನ್ನು ಬರೆದವರ ಸಹಿ ಹಾಕಿಸಲು ಕೊಟ್ಟು ಕಳಿಸಿದೆ. ಬೆನ್ನು ಬಿಟ್ಟುಕೊಂಡು, ಟೇಪ್ ಹಚ್ಚಿ ಹಚ್ಚಿ ದಪ್ಪಗಾಗಿದ್ದ ಪುಸ್ತಕ. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಫೋನ್ ಬಂತು. "ಸಾಲಿನಲ್ಲಿ ನನ್ನ ಹಿಂದೆ ಒಬ್ಬರು ನಿಂತಿದ್ದಾರೆ. ಅವರದೂ ಇದೇ ಮುದ್ರಣ, ಇದೇ ಥರ ಟೇಪ್. ತಗೋ, ಮಾತಾಡು" ಅಂದ.

ಆ ಕಡೆಯಿಂದ ವಯಸ್ಸಾದ ಹೆಂಗಸಿನ ದನಿ. ನಮಸ್ಕಾರ ಇಲ್ಲ, ಏನಿಲ್ಲ. "ನಿಮ್ಮದರಲ್ಲಿ ಯಾವ ಪುಟ ಮೊದಲು ಕಿತ್ತು ಬಂತು?" ಅಂತ ಕೇಳಿದರು. ಹತ್ತು ನಿಮಿಷ ಮಾತಾಡಿದೆವು. ಅವರ ಸರದಿ ಬಂತು, ಫೋನ್ ಕಟ್ಟಾಯಿತು.

ಹೆಸರು ಕೇಳುವುದು ಮರೆತೇ ಹೋಗಿತ್ತು. ಈ ಸಲ ಹೋದಾಗ ಸಹಿ ಹಾಕಿಸುವ ಸಾಲಿನಲ್ಲಿ ಟೇಪ್ ಹಚ್ಚಿದ ಪುಸ್ತಕ ಯಾರ ಕೈಯಲ್ಲಿದೆ ಅಂತ ನೋಡುತ್ತೇನೆ.