‘ಹೋದಲಿಲ್ಲ’ ಅಂತ ಯಾರೂ ಅನ್ನೋದಿಲ್ಲ: ಕನ್ನಡ ಹಿಡಿದು ಇಂಗ್ಲಿಷ್ ಅಭ್ಯಾಸ

ಸಿಂಧನೂರಿನ ಕನ್ನಡ ಮಾಧ್ಯಮದ ಹುಡುಗಿ ಇಂಗ್ಲಿಷಿನಲ್ಲಿ ‘ಫೈವ್ ಬುಕ್’ ಎಂದು ಬರೆಯುತ್ತಾಳೆ. ಚೀನಾದ ಚೆಂಗ್ಡುವಿನಲ್ಲಿ ಅವಳ ವಾರಿಗೆಯ ಹುಡುಗನೂ ‘ಫೈವ್ ಬುಕ್’ ಎಂದೇ ಬರೆಯುತ್ತಾನೆ. ಇಬ್ಬರದೂ ದಡ್ಡತನವಲ್ಲ. ನಾವು ‘ಐದು ಪುಸ್ತಕ ಕೊಡ್ರಿ’ ಅನ್ನುತ್ತೇವೆ, ‘ಐದು ಪುಸ್ತಕಗಳು’ ಅಂತ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಚೀನೀ ಭಾಷೆಯಲ್ಲಿ ‘ವು ಬೆನ್ ಶು’. ವು ಅಂದರೆ ಐದು, ಶು ಅಂದರೆ ಪುಸ್ತಕ, ನಡುವಿನ ಬೆನ್ ನಮ್ಮ ‘ಐದು ಮೂಟೆ ಭತ್ತ’ದ ಮೂಟೆಯ ಹಾಗೆ ಎಣಿಕೆಗೆ ಬರುವ ಪದ. ಸಂಖ್ಯೆ ಹೇಳಿದ ಮೇಲೆ ಬಹುವಚನ ಯಾಕೆ ಅನ್ನುವುದು ಎರಡೂ ಭಾಷೆಗಳ ಲೆಕ್ಕ.

ಚೀನೀ ಮಕ್ಕಳು ಇಂಗ್ಲಿಷನ್ನು ಅಭ್ಯಾಸ ಮಾಡುವ ಕ್ರಮ ರಾಯಚೂರು, ಕೊಪ್ಪಳ, ಬಳ್ಳಾರಿಯ ನಮ್ಮ ಮಕ್ಕಳಿಗೂ ಹೊಂದುವುದು ಇದಕ್ಕೇ. ಅವರ ಕಾಲೇಜು ಪ್ರವೇಶ ಪರೀಕ್ಷೆ ‘ಗಾವೊಕಾವೊ’ದಲ್ಲಿ ಹೆಚ್ಚಿನ ಪ್ರಾಂತ್ಯಗಳಲ್ಲಿ ಇಂಗ್ಲಿಷಿಗೆ 150 ಅಂಕ. ಪಾಠದ ಪ್ರಶ್ನೋತ್ತರ ಉರುಹೊಡೆದು ಅದನ್ನು ದಾಟಲಾಗುವುದಿಲ್ಲ, ಅಲ್ಲಿ ಬರುವುದು ಮೊದಲು ನೋಡಿರದ ಗದ್ಯ. ಹಾಗಾಗಿ ಅವರ ಅಭ್ಯಾಸದಲ್ಲಿ ತಾಯ್ನುಡಿಯಿಂದಾಗಿ ಎಡವುವ ಜಾಗಗಳಿಗೂ ಗಮನ ಇರುತ್ತದೆ.

ಆದರೆ ಎಡವುವ ಜಾಗ ಎಲ್ಲವೂ ಒಂದೇ ಅಲ್ಲ, ಇದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಚೀನೀ ಮಾತಿನಲ್ಲಿ ಅವನು, ಅವಳು, ಅದು ಮೂರಕ್ಕೂ ‘ಥಾ’ ಎಂಬ ಒಂದೇ ಉಚ್ಚಾರ. ಅವರು ‘ಹಿ’, ‘ಶಿ’ ಅದಲುಬದಲು ಮಾಡುತ್ತಾರೆ, ನಮಗೆ ಆ ತೊಂದರೆ ಇಲ್ಲ. ಅವರ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ, ಆದ್ದರಿಂದ ‘ಯೆಸ್ಟರ್‌ಡೇ ಐ ಗೋ’ ಅನ್ನುವುದು ಅವರ ತಪ್ಪು. ನಮ್ಮ ತಪ್ಪು ಅದರ ಪಕ್ಕದ್ದು: ‘ಐ ಡಿಡ್ ನಾಟ್ ವೆಂಟ್’. ಇದನ್ನು ತಿದ್ದುವ ಉಪಾಯ ಕನ್ನಡದಲ್ಲೇ ಇದೆ. ‘ಹೋದೆ’ ಎಂಬುದಕ್ಕೆ ಇಲ್ಲ ಸೇರಿಸಿದರೆ ‘ಹೋಗಲಿಲ್ಲ’ ಆಗುತ್ತದೆ, ‘ಹೋದಲಿಲ್ಲ’ ಅಂತ ಮೂರು ವರ್ಷದ ಮಗುವೂ ಅನ್ನುವುದಿಲ್ಲ. ‘ಡಿಡ್’ ಬಂದ ಕೂಡಲೇ ‘ವೆಂಟ್’ ಹೋಗಿ ‘ಗೋ’ ಬರುವುದೂ ಹೀಗೇ. ನಿಯಮವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸುವ ಬದಲು ‘ಹೋದಲಿಲ್ಲ ಅಂತೀಯೇನಪ್ಪಾ?’ ಎಂದು ಒಂದು ಸಲ ಕೇಳಿದರೆ ಮಕ್ಕಳು ನಕ್ಕು ತಾವೇ ತಿದ್ದಿಕೊಳ್ಳುತ್ತಾರೆ.

‘ಅ’, ‘ಆ್ಯನ್’, ‘ದಿ’ ಮಾತ್ರ ಇಬ್ಬರಿಗೂ ಕಷ್ಟ, ಯಾಕೆಂದರೆ ಎರಡೂ ಭಾಷೆಗಳಲ್ಲಿ ಅಂಥ ಪದಗಳಿಲ್ಲ. ಆದರೂ ಆ ಭೇದ ನಮಗೆ ಹೊಸದೇನಲ್ಲ. ‘ಪುಸ್ತಕ ಓದಿದೆ’ ಅಂದರೆ ಯಾವುದೋ ಪುಸ್ತಕ. ‘ಪುಸ್ತಕವನ್ನು ಓದಿದೆ’ ಅಂದಾಗ ಸಾಮಾನ್ಯವಾಗಿ ಇಬ್ಬರಿಗೂ ಗೊತ್ತಿರುವ ಒಂದು ಪುಸ್ತಕ ಮನಸ್ಸಿನಲ್ಲಿರುತ್ತದೆ. ಚೀನೀಯಲ್ಲೂ ‘ಬಾ’ ಎಂಬ ಪದ ಹಚ್ಚಿ ಕರ್ಮವನ್ನು ಕ್ರಿಯಾಪದಕ್ಕಿಂತ ಮೊದಲು ತಂದರೆ ಬಹುಮಟ್ಟಿಗೆ ಇದೇ ಅರ್ಥ. ಅಭ್ಯಾಸ ಹೀಗೆ ಮಾಡಿ: ಎಂಟನೇ ತರಗತಿಯ ಪಾಠದಿಂದ ಸುಮಾರು 100 ಪದಗಳ ಪ್ಯಾರಾ ಆರಿಸಿ, ಈ ಮೂರು ಪದ ಬಿಟ್ಟು ಉಳಿದದ್ದನ್ನು ನೋಟ್‌ಬುಕ್ಕಿಗೆ ಇಳಿಸಿ. ಬಿಟ್ಟ ಜಾಗದಲ್ಲಿ ಗೆರೆ ಎಳೆಯಬೇಡಿ, ಗೆರೆ ಇದ್ದರೆ ಎಲ್ಲಿ ಬೇಕು ಅನ್ನುವುದು ಮೊದಲೇ ತಿಳಿದುಹೋಗುತ್ತದೆ. ಮರುದಿನ ತುಂಬಿ, ಪುಸ್ತಕದ ಜೊತೆ ಹೋಲಿಸಿ. ಅದೇ ದಿನ ಮಾಡಿದರೆ ನೆನಪಿನಿಂದ ತುಂಬುತ್ತೀರಿ, ಅದರಿಂದ ಏನೂ ಉಪಯೋಗವಿಲ್ಲ.

ಇನ್ನು ಓದು. ನನ್ನ ಪ್ರಕಾರ ನಮ್ಮ ಮಕ್ಕಳು ಇಂಗ್ಲಿಷ್ ಗದ್ಯದಲ್ಲಿ ದಾರಿ ತಪ್ಪುವುದು ಕಠಿಣ ಪದಗಳಿಂದ ಅಷ್ಟಲ್ಲ, ವಾಕ್ಯ ತಿರುಗುಮುರುಗಾಗಿ ಕಾಣುವುದರಿಂದ. ‘ನಿನ್ನೆ ಬಂದ ಹುಡುಗ’ ಎನ್ನುವಾಗ ವಿವರ ಮೊದಲು, ಹುಡುಗ ಆಮೇಲೆ. ಚೀನೀಯಲ್ಲೂ ಹಾಗೇ. ಇಂಗ್ಲಿಷಿನಲ್ಲಿ ಹುಡುಗ ಮೊದಲು, ವಿವರ ಹಿಂದಿನಿಂದ ಬರುತ್ತದೆ. ಈ ವಾಕ್ಯ ನೋಡಿ: ‘ದಿ ಎಡಿಕ್ಟ್ ದಟ್ ಅ ಮೈನಿಂಗ್ ಎಂಜಿನಿಯರ್ ಫೌಂಡ್ ಅಟ್ ಮಸ್ಕಿ ಇನ್ 1915 ಕ್ಯಾರೀಸ್ ದಿ ನೇಮ್ ಅಶೋಕ.’ ಬಹಳಷ್ಟು ಮಕ್ಕಳು ‘ಫೌಂಡ್’ ವರೆಗೆ ಬಂದು ವಾಕ್ಯ ಮುಗಿಯಿತು ಅಂದುಕೊಳ್ಳುತ್ತಾರೆ, ‘ಕ್ಯಾರೀಸ್’ ಎದುರಾದಾಗ ಗಲಿಬಿಲಿ. ಪೆನ್ಸಿಲ್ ಹಿಡಿದು ಮೊದಲು ಕ್ರಿಯಾಪದಗಳಿಗೆ ಅಡಿಗೆರೆ ಹಾಕಿ. ಎರಡು ಸಿಕ್ಕರೆ ಸಾಮಾನ್ಯವಾಗಿ ವಾಕ್ಯದಲ್ಲಿ ಜೋಡಿಸುವ ಪದವೊಂದು ಇರುತ್ತದೆ: ಹೂ, ವಿಚ್, ದಟ್, ಬಿಕಾಸ್, ಆಂಡ್. ಇಲ್ಲಿ ‘ದಟ್’ ಇದೆ. ಅದರ ನಂತರ ಸಿಗುವ ಮೊದಲ ಕ್ರಿಯಾಪದ ‘ಫೌಂಡ್’ ಅದರ ಪಾಲು. ಉಳಿದ ‘ಕ್ಯಾರೀಸ್’ ವಾಕ್ಯದ ನಿಜವಾದ ಕ್ರಿಯಾಪದ. ಆಗ ಅರ್ಥ ಬಿಡಿಸಿಕೊಳ್ಳುತ್ತದೆ: 1915ರಲ್ಲಿ ಗಣಿ ಎಂಜಿನಿಯರ್ ಒಬ್ಬರು ಮಸ್ಕಿಯಲ್ಲಿ ಕಂಡ ಶಾಸನದಲ್ಲಿ ಅಶೋಕನ ಹೆಸರಿದೆ. ಕೆಲವು ಸಲ ‘ದಟ್’ ಮಾಯವಾಗಿ ‘ದಿ ಎಡಿಕ್ಟ್ ಅ ಮೈನಿಂಗ್ ಎಂಜಿನಿಯರ್ ಫೌಂಡ್’ ಎಂದೂ ಇರುತ್ತದೆ. ನಡುವೆ ಅಲ್ಪವಿರಾಮವಿಲ್ಲದೆ ಎರಡು ನಾಮಪದ ಒಂದಕ್ಕೊಂದು ತಾಕಿ ನಿಂತಿದ್ದರೆ ಅಲ್ಲೊಂದು ‘ದಟ್’ ಅಡಗಿದೆಯೇ ಎಂದು ನೋಡಿ.

ಓದಲು ಆರಿಸುವ ಗದ್ಯದಲ್ಲಿ 100 ಪದಕ್ಕೆ ಐದಕ್ಕಿಂತ ಹೆಚ್ಚು ಗೊತ್ತಿಲ್ಲದ ಪದ ಬಂದರೆ ಅದನ್ನು ಬಿಟ್ಟು ಹಗುರವಾದುದನ್ನು ತೆಗೆದುಕೊಳ್ಳಿ. ಇದರಲ್ಲಿ ಅವಮಾನವೇನಿಲ್ಲ, ಪಿಯುಸಿಯವರು ಏಳನೇ ತರಗತಿಯ ಪುಸ್ತಕ ಓದಿದರೂ ನಡೆಯುತ್ತದೆ.

ಚೀನೀ ಪರೀಕ್ಷೆಯ ಎರಡು ಪ್ರಶ್ನೆಗಳನ್ನು ಮನೆಯಲ್ಲೇ ತಯಾರಿಸಿಕೊಳ್ಳಬಹುದು. ಒಂದರಲ್ಲಿ ಗದ್ಯಕ್ಕೆ 10 ಖಾಲಿ ಜಾಗ. ಕೆಲವು ಕಡೆ ಪದದ ಮೂಲರೂಪ ಕೊಟ್ಟಿರುತ್ತಾರೆ, ಕೆಲವು ಕಡೆ ಏನೂ ಇಲ್ಲ. ಏನೂ ಕೊಡದಿದ್ದರೆ ಅಲ್ಲಿ ಬೇಕಾದ್ದು ‘ಅ’, ‘ದಿ’ಗಳಂಥದ್ದು, ‘ಇನ್’, ‘ಆಫ್’ಗಳಂಥದ್ದು, ಜೋಡಿಸುವ ಪದ ಅಥವಾ ಸರ್ವನಾಮ. ಕ್ರಿಯಾಪದ ಕೊಟ್ಟಿದ್ದರೆ ಅವರ ಮೇಷ್ಟ್ರುಗಳು ಹೇಳಿಕೊಡುವ ಮೊದಲ ಪ್ರಶ್ನೆ: ಈ ವಾಕ್ಯಕ್ಕೆ ಈಗಾಗಲೇ ಒಂದು ಪೂರ್ಣ ಕ್ರಿಯಾಪದ ಇದೆಯೋ ಇಲ್ಲವೋ? ಇಲ್ಲದಿದ್ದರೆ ಕಾಲ ನೋಡಿ ತುಂಬಿ. ಇದ್ದರೆ, ಜೋಡಿಸುವ ಪದವೂ ಕಾಣದಿದ್ದರೆ, ‘ಇಂಗ್’, ‘ಎಡ್’, ‘ಟು’ ಮೂರರಲ್ಲಿ ಒಂದು. ‘ದಿ ಫಾರ್ಮರ್ಸ್ ವೇಟೆಡ್ ಬೈ ದಿ ಕೆನಾಲ್’ ಆದ ಮೇಲೆ ಅಲ್ಪವಿರಾಮ, ಖಾಲಿ ಜಾಗ, ‘ಫಾರ್ ವಾಟರ್’ ಎಂದಿದೆ, ಕೊಟ್ಟ ಪದ ‘ಹೋಪ್’. ‘ವೇಟೆಡ್’ ಆಗಲೇ ಇದೆ, ಹಾಗಾಗಿ ‘ಹೋಪ್ಡ್’ ಅಲ್ಲ, ‘ಹೋಪಿಂಗ್’. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದ ರೈತ ‘ನೀರು ಬರ್ತಾವಂತ ಆಸೆಪಡುತ್ತಾ ಕುಂತಿದ್ದ’ ಅನ್ನುವಾಗ ‘ಪಡುತ್ತಾ’ ಮಾಡುವ ಕೆಲಸವೇ ಇದು. ‘ನೋಡಲು ಬಂದ’ ಎಂಬಲ್ಲಿ ‘ಟು’, ‘ಮುರಿದ ಕುರ್ಚಿ’ ಎಂಬಲ್ಲಿ ‘ಎಡ್’ ಗುಂಪಿನ ‘ಬ್ರೋಕನ್’. ಕನ್ನಡದ ಕೃದಂತ ಪಾಠವನ್ನು ಪರೀಕ್ಷೆಗಷ್ಟೇ ಓದಿ ಬಿಡದೆ ಇಲ್ಲಿ ಬಳಸಿ.

ಇನ್ನೊಂದು, ಅಲ್ಲಿ ಬಹಳ ವರ್ಷ ಚಾಲ್ತಿಯಲ್ಲಿದ್ದ ತಪ್ಪು ತಿದ್ದುವ ಪ್ರಶ್ನೆ: ಪುಟ್ಟ ಗದ್ಯ, ಅದರಲ್ಲಿ 10 ತಪ್ಪು. ಪ್ರತಿ ತಪ್ಪಿಗೂ ಒಂದು ಪದ ಸೇರಿಸಬೇಕು, ಇಲ್ಲವೇ ತೆಗೆಯಬೇಕು, ಇಲ್ಲವೇ ಬದಲಿಸಬೇಕು. ಮನೆಯಲ್ಲಿ ಅಕ್ಕನೋ ಅಣ್ಣನೋ ಪ್ಯಾರಾ ಬರೆದು ಎಂಟು ಪದ ಕೆಡಿಸಲಿ, ಒಂದು ಪದ ಹೆಚ್ಚು ಹಾಕಲಿ, ಒಂದನ್ನು ನುಂಗಲಿ. ಕಾಗುಣಿತ ಕೆಡಿಸಬಾರದು, ಅದು ಕಣ್ಣಿಗೆ ತಕ್ಷಣ ಬಿದ್ದು ವ್ಯಾಕರಣದ ಹುಡುಕಾಟ ನಿಂತುಹೋಗುತ್ತದೆ. ಮಾದರಿಗೆ ನಾಲ್ಕು ತಪ್ಪಿನದು: ‘ಲಾಸ್ಟ್ ಸಂಡೇ ವಿ ಗೋ ಟು ಆನೆಗುಂದಿ ಬೈ ಅ ಬಸ್. ವಿ ಸಾ ಮೆನಿ ಓಲ್ಡ್ ಟೆಂಪಲ್ ದೇರ್. ದೋ ಇಟ್ ವಾಸ್ ಹಾಟ್, ಬಟ್ ವಿ ವರ್ ಹ್ಯಾಪಿ.’ ‘ಗೋ’ ‘ವೆಂಟ್’ ಆಗಬೇಕು, ‘ಬೈ’ ನಂತರದ ‘ಅ’ ಬೇಡ, ‘ಟೆಂಪಲ್ಸ್’ ಬೇಕು, ‘ಬಟ್’ ಹೋಗಬೇಕು. ಕೊನೆಯದು ಚೀನೀಯರ ಹಳೇ ಕಾಟ, ಅವರ ಭಾಷೆಯಲ್ಲಿ ‘ದೋ’ ಮತ್ತು ‘ಬಟ್’ಗೆ ಸಮನಾದ ಪದಗಳು ಜೋಡಿಯಾಗಿ ಬರುತ್ತವೆ. ನಮಗೆ ‘ಬಿಸಿಲಿದ್ದರೂ’ ಅಂದರೆ ಸಾಕು, ಮುಂದೆ ‘ಆದರೆ’ ಹಾಕಿದರೆ ಕಿವಿಗೇ ಒಗ್ಗುವುದಿಲ್ಲ.

ನಮ್ಮದೇ ಕಾಟ ‘ಇಂದ’. ‘ಎರಡು ವರ್ಷದಿಂದ ರಾಯಚೂರಾಗ ಅದೀನ್ರಿ’ ಎಂಬುದು ‘ಐ ಆಮ್ ಇನ್ ರಾಯಚೂರ್ ಫ್ರಮ್ ಟೂ ಇಯರ್ಸ್’ ಆಗಿಬಿಡುತ್ತದೆ. ಸರಿಯಾದದ್ದು ‘ಐ ಹ್ಯಾವ್ ಬೀನ್ ಇನ್ ರಾಯಚೂರ್ ಫಾರ್ ಟೂ ಇಯರ್ಸ್’. ಎಷ್ಟು ಹೊತ್ತು ಎಂಬ ಅಳತೆ ಹೇಳಿದರೆ ‘ಫಾರ್’, ಯಾವಾಗಿನಿಂದ ಎಂದು ಶುರುವಿನ ಗಳಿಗೆ ಹೇಳಿದರೆ ‘ಸಿನ್ಸ್’: ‘ಸಿನ್ಸ್ 2023’, ‘ಸಿನ್ಸ್ ದೀಪಾವಳಿ’. ‘ಆಗ’, ‘ಅಲ್ಲಿ’ ಪ್ರತ್ಯಯಗಳೂ ಹೀಗೇ ಮೂರಾಗಿ ಒಡೆಯುತ್ತವೆ. ಗಡಿಯಾರದ ಹೊತ್ತಿಗೆ ‘ಅಟ್’, ದಿನಕ್ಕೆ ‘ಆನ್’, ತಿಂಗಳು ವರ್ಷಕ್ಕೆ ‘ಇನ್’.

ತಪ್ಪುಗಳಿಗೆ ಬೇರೆ ನೋಟ್‌ಬುಕ್ ಇಡಿ. ಪುಟಕ್ಕೆ ಮೂರು ಕಾಲಂ: ಬರೆದದ್ದು, ಸರಿಯಾದದ್ದು, ಹಾಗೆ ಬರೆಯಿಸಿದ ಕನ್ನಡ ವಾಕ್ಯ. ಮೂರನೆಯದನ್ನು ಖಾಲಿ ಬಿಟ್ಟರೆ ಅದೇ ತಪ್ಪು ಮತ್ತೆ ಮತ್ತೆ ಬರುತ್ತದೆ. ದಿನಕ್ಕೆ 40 ನಿಮಿಷ ಸಾಕು: 20 ನಿಮಿಷ ಪೆನ್ಸಿಲ್ ಹಿಡಿದು ಓದು, 15 ನಿಮಿಷ ಒಂದು ವ್ಯಾಕರಣದ ಕೆಲಸ, ಕೊನೆಯ ಐದು ನಿಮಿಷ ತಿದ್ದಿದ ವಾಕ್ಯಗಳನ್ನು ಗಟ್ಟಿಯಾಗಿ ಓದುವುದು. ನಮ್ಮ ಕಡೆ ಬೇಸಿಗೆಯಲ್ಲಿ ಇದನ್ನು ಬೆಳಗಿನ ಆರೂವರೆಯೊಳಗೆ ಮುಗಿಸಿ, ಬಿಸಿಲೇರಿದ ಮೇಲೆ ಯಾರ ತಲೆಯೂ ಓಡುವುದಿಲ್ಲ.