ಯಾವುದಕ್ಕೆ ಹೋಲಿಸಿದರೆ?

ಬೆಲೆ ಏರಿದರೆ ಬೇಡಿಕೆ ಕಡಿಮೆಯಾಗುತ್ತದೆ. ಬೇಡಿಕೆ ಕಡಿಮೆಯಾದರೆ ಬೆಲೆ ಇಳಿಯುತ್ತದೆ. ಹಾಗಾದರೆ ಏರಿದ ಬೆಲೆ ತಾನಾಗಿಯೇ ಇಳಿದುಬಿಡಬೇಕಲ್ವಾ? ಯಾಕೆ ಇಳಿಯುವುದಿಲ್ಲ?

ಅರ್ಥಶಾಸ್ತ್ರ ಪದವಿಯ ಮೊದಲ ವರ್ಷ, ಎರಡನೇ ವಾರ. ಮೈಕ್ರೋ, ಅಂದರೆ ಒಬ್ಬೊಬ್ಬ ಗ್ರಾಹಕ, ಒಂದೊಂದು ಮಾರುಕಟ್ಟೆಯ ಅರ್ಥಶಾಸ್ತ್ರದ ಪಾಠ ಮಾಡುತ್ತಿದ್ದ ಮೇಡಂ ಬೋರ್ಡಿನ ಮೇಲೆ ಈ ಸಾಲುಗಳನ್ನು ಬರೆದರು. ಎಲ್ಲರ ಕೈಗೂ ಒಂದೊಂದು ಗ್ರಾಫ್ ಹಾಳೆ ಕೊಟ್ಟು, ಮಾತಿನಲ್ಲಿ ಉತ್ತರ ಬೇಡ, ಚಿತ್ರ ಬರೆದು ತೋರಿಸಿ ಅಂತ ಹೇಳಿ ಕಿಟಕಿಯ ಹತ್ತಿರ ಹೋಗಿ ನಿಂತರು. ಅರ್ಧ ಗಂಟೆ ಕ್ಲಾಸಿನಲ್ಲಿ ಸ್ಕೇಲು, ಪೆನ್ಸಿಲ್ಲು, ರಬ್ಬರುಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಒಂದು ಗೆರೆ ಎಳೆದೆ, ಅಳಿಸಿದೆ, ಮತ್ತೆ ಎಳೆದೆ. ಹಾಳೆ ತೆಳ್ಳಗಾಗುತ್ತಾ ಬಂತು, ಉತ್ತರ ಬರಲಿಲ್ಲ.

ಉತ್ತರ ಗೊತ್ತಾದ ಮೇಲೆ ಎಷ್ಟು ಸುಲಭ ಅನ್ನಿಸಿತು! ಎರಡು ಸಾಲಿನಲ್ಲೂ ‘ಬೇಡಿಕೆ’ ಎಂಬ ಒಂದೇ ಮಾತಿದೆ, ಆದರೆ ಅರ್ಥ ಎರಡು. ಯಾವ ಬೆಲೆಗೆ ಜನ ಎಷ್ಟು ಕೊಳ್ಳುತ್ತಾರೆ ಎಂದು ತೋರಿಸುವ ಗೆರೆಯೇ ಬೇಡಿಕೆ ರೇಖೆ. ಬೆಲೆ ಏರಿದಾಗ ನಾವು ಅದೇ ರೇಖೆಯ ಮೇಲೆ ಇನ್ನೊಂದು ಬಿಂದುವಿಗೆ ಹೋಗುತ್ತೇವೆ, ರೇಖೆ ಇದ್ದಲ್ಲೇ ಇರುತ್ತದೆ. ಜನರ ಆದಾಯ ಕಡಿಮೆಯಾದರೆ, ಇಲ್ಲವೇ ಅದರ ಬದಲು ಬಳಸಬಹುದಾದ ಇನ್ನೊಂದು ವಸ್ತು ಅಗ್ಗವಾದರೆ, ಆಗ ರೇಖೆಯೇ ಎಡಕ್ಕೆ ಸರಿಯುತ್ತದೆ. ಬೆಲೆ ಇಳಿಯುವುದು ಆ ಎರಡನೆಯ ಸಂದರ್ಭದಲ್ಲಿ. ಮಾತಿನಲ್ಲಿ ಗಂಟೆಗಟ್ಟಲೆ ಸುತ್ತುವ ಗೊಂದಲ ಒಂದು ಚಿತ್ರದಲ್ಲಿ ಬಿಡಿಸಿಕೊಂಡುಬಿಡುತ್ತದೆ. ಇವತ್ತಿಗೂ ಯಾರಾದರೂ ‘ಬೇಡಿಕೆ ಬಿತ್ತು’ ಅಂದರೆ ನನ್ನ ಕಣ್ಣ ಮುಂದೆ ಆ ಹಾಳೆ ಬರುತ್ತದೆ. ರೇಖೆಯ ಮೇಲೆ ಜಾರಿದ್ದೋ, ರೇಖೆಯೇ ಸರಿದಿದ್ದೋ?

ಹಾಳೆ ವಾಪಸ್ ಬಂದಾಗ ನನ್ನ ಚಿತ್ರದ ಪಕ್ಕ ಕೆಂಪು ಇಂಕಿನಲ್ಲಿ ಎರಡೇ ಪದ ಇತ್ತು. ಕೆಳಗೆ ನಾನು ‘ಈಗ ಬೆಲೆ ಜಾಸ್ತಿ’ ಎಂದು ಬರೆದಿದ್ದೆ. ಅದರ ಎದುರಿಗೆ: ‘ಯಾವುದಕ್ಕೆ ಹೋಲಿಸಿದರೆ?’

ಆ ಪ್ರಶ್ನೆ ಮೂರು ವರ್ಷ ನನ್ನನ್ನು ಬಿಡಲಿಲ್ಲ. ಹೊಸದಾಗಿ ಸೇರಿರುವ ಮಕ್ಕಳು ಅರ್ಥಶಾಸ್ತ್ರದ ಪದವಿಯಲ್ಲಿ ನಿಜವಾಗಿ ಏನು ಕಲಿಸುತ್ತಾರೆ ಅಂತ ಕೇಳಿದರೆ ನಾನು ಷೇರು ಮಾರುಕಟ್ಟೆ ಅನ್ನುವುದಿಲ್ಲ, ಬಜೆಟ್ ಅನ್ನುವುದಿಲ್ಲ. ಈ ಪ್ರಶ್ನೆಯನ್ನು ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಕೇಳಿಸುತ್ತಾರೆ ಅನ್ನುತ್ತೇನೆ.

ಮೊದಲ ವೇಷ ಅವಕಾಶ ವೆಚ್ಚ. ಈ ಪದವಿಗೆ ನಿಮಗೆಷ್ಟು ಖರ್ಚು ಎಂದು ಮೇಡಂ ಕೇಳಿದರು. ಫೀಸು, ಪುಸ್ತಕ, ಊಟ ಅಂತ ನಾವು ಕೂಡಿಸಿದೆವು. ಊಟ ತೆಗೆಯಿರಿ ಅಂದರು. ಓದದಿದ್ದರೂ ಊಟ ಮಾಡುತ್ತಿದ್ದಿರಿ ತಾನೇ? ಆಮೇಲೆ, ಮೂರು ವರ್ಷ ಕೆಲಸಕ್ಕೆ ಹೋಗಿದ್ದರೆ ಬರುತ್ತಿದ್ದ ಸಂಬಳ ಸೇರಿಸಿ ಅಂದರು. ಮೊತ್ತ ಒಮ್ಮೆಲೇ ದೊಡ್ಡದಾಯಿತು. ಕೈಯಿಂದ ಹೋದ ಹಣ ಮಾತ್ರ ಖರ್ಚಲ್ಲ, ಬಿಟ್ಟುಕೊಟ್ಟಿದ್ದೂ ಖರ್ಚು. ನಮ್ಮ ಕ್ಲಾಸಿನಲ್ಲಿ ಕೆಲವರಿಗೆ ಅದು ಲೆಕ್ಕದ ವಿಷಯ ಆಗಿರಲಿಲ್ಲ. ಮನೆಯಲ್ಲಿ ಯಾರೋ ಒಬ್ಬರು ದುಡಿಮೆ ಹೆಚ್ಚು ಮಾಡಿಕೊಂಡಿದ್ದಕ್ಕೇ ಅವರು ಆ ಬೆಂಚಿನಲ್ಲಿ ಕೂತಿದ್ದರು. ಕ್ಲಾಸು ಒಂದು ಕ್ಷಣ ಸುಮ್ಮನಾಯಿತು, ನನಗೆ ಚೆನ್ನಾಗಿ ನೆನಪಿದೆ.

ಎರಡನೆಯದು ವ್ಯಾಪಾರದ ಪಾಠ. 1817ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಕೊಟ್ಟ ಉದಾಹರಣೆಯನ್ನೇ ನಮಗೂ ಕೊಟ್ಟರು. ಒಂದು ವರ್ಷಕ್ಕೆ ಬೇಕಾದ ಬಟ್ಟೆ ತಯಾರಿಸಲು ಇಂಗ್ಲೆಂಡಿನಲ್ಲಿ 100 ಜನ ಬೇಕು, ದ್ರಾಕ್ಷಾರಸಕ್ಕೆ 120 ಜನ. ಪೋರ್ಚುಗಲ್ಲಿನಲ್ಲಿ ಬಟ್ಟೆಗೆ 90, ದ್ರಾಕ್ಷಾರಸಕ್ಕೆ 80. ಎರಡರಲ್ಲೂ ಪೋರ್ಚುಗಲ್ಲೇ ಮುಂದೆ. ಹಾಗಾದರೆ ಅದು ಇಂಗ್ಲೆಂಡಿನಿಂದ ಯಾಕೆ ಏನಾದರೂ ಕೊಳ್ಳಬೇಕು? ನಾವೆಲ್ಲ ಪೋರ್ಚುಗಲ್ಲನ್ನು ಇಂಗ್ಲೆಂಡಿಗೆ ಹೋಲಿಸುತ್ತಿದ್ದೆವು. ಹೋಲಿಸಬೇಕಾಗಿದ್ದು ಪೋರ್ಚುಗಲ್ಲಿನ ಒಂದು ಕೆಲಸವನ್ನು ಅದರದೇ ಇನ್ನೊಂದು ಕೆಲಸಕ್ಕೆ. 80 ಜನರಿಂದ ದ್ರಾಕ್ಷಾರಸ ಮಾಡಿಸಿ ಅದನ್ನು ಕೊಟ್ಟು ಬಟ್ಟೆ ತಂದರೆ 90 ಜನರ ಕೆಲಸ 80ರಲ್ಲಿ ಮುಗಿಯುತ್ತದೆ. ಇಂಗ್ಲೆಂಡಿಗೆ 120 ಜನರ ಕೆಲಸ 100ರಲ್ಲಿ ಮುಗಿಯುತ್ತದೆ. ಇಬ್ಬರಿಗೂ ಲಾಭ. ಎಲ್ಲದರಲ್ಲೂ ಹಿಂದಿರುವವರಿಗೂ ಮಾಡಲು ಒಂದು ಕೆಲಸ ಇದ್ದೇ ಇರುತ್ತದೆ ಎಂಬುದು ಆ ವಯಸ್ಸಿನಲ್ಲಿ ನನಗೆ ತುಂಬಾ ಧೈರ್ಯ ಕೊಟ್ಟ ಮಾತು. ಹಾಗಂತ ದೇಶದೊಳಗೆ ಎಲ್ಲರಿಗೂ ಲಾಭ ಅಂತಲ್ಲ. ಪೋರ್ಚುಗಲ್ಲಿನ ನೇಕಾರರು ಏನು ಮಾಡಬೇಕು ಎಂದು ಒಬ್ಬ ಗೆಳತಿ ಕೇಳಿದಳು. ಒಳ್ಳೆಯ ಪ್ರಶ್ನೆ, ಮೂರನೇ ವರ್ಷದವರೆಗೂ ಇಟ್ಟುಕೊಳ್ಳಿ ಅಂದರು ಮೇಡಂ. ನಿಜವಾಗಿಯೂ ಅದು ಮೂರನೇ ವರ್ಷದಲ್ಲಿ ಮತ್ತೆ ಬಂತು.

ಮೈಕ್ರೋದಲ್ಲಿ ಇನ್ನೂ ಬೇಕಾದಷ್ಟಿತ್ತು. ಉಪೇಕ್ಷಾ ವಕ್ರರೇಖೆಗಳು, ಏಕಸ್ವಾಮ್ಯ, ಗೇಮ್ ಥಿಯರಿ. ಎಲ್ಲ ರೈತರಿಗೂ ಒಂದೇ ವರ್ಷ ಬೆಳೆ ಚೆನ್ನಾಗಿ ಬಂದರೆ ಬೆಲೆ ಬಿದ್ದು ಎಲ್ಲರ ಆದಾಯವೂ ಕುಸಿಯಬಹುದು ಎಂಬುದನ್ನು ಬೇಡಿಕೆಯ ಸ್ಥಿತಿಸ್ಥಾಪಕತ್ವದ (ಬೆಲೆ ಬದಲಾದರೆ ಜನ ಕೊಳ್ಳುವುದು ಎಷ್ಟು ಬದಲಾಗುತ್ತದೆ ಎಂಬುದರ) ಪಾಠದಲ್ಲಿ ಲೆಕ್ಕ ಮಾಡಿ ನೋಡಿದ್ದು ಮಾತ್ರ ಮರೆಯಲಾರೆ. ಆಹಾರ ಅಗ್ಗವಾಯಿತೆಂದು ಜನ ಎರಡರಷ್ಟು ತಿನ್ನುವುದಿಲ್ಲ ನೋಡಿ, ಅದಕ್ಕೆ.

ಎರಡನೇ ವರ್ಷ ಮ್ಯಾಕ್ರೋ, ಅಂದರೆ ಇಡೀ ದೇಶದ ಅರ್ಥವ್ಯವಸ್ಥೆಯ ಪಾಠ. ಇಲ್ಲಿ ನೆಲವೇ ಬೇರೆ. ಒಂದು ಮನೆಗೆ ಸರಿಯಾದದ್ದು ಇಡೀ ದೇಶಕ್ಕೆ ಸರಿಯಾಗಬೇಕಾಗಿಲ್ಲ ಎನ್ನುವುದನ್ನು ಒಪ್ಪಿಕೊಳ್ಳುವುದಕ್ಕೇ ನನಗೆ ಒಂದು ಸೆಮಿಸ್ಟರ್ ಹಿಡಿಯಿತು. ಕಷ್ಟಕಾಲದಲ್ಲಿ ಒಂದು ಮನೆಯವರು ಖರ್ಚು ಕಡಿಮೆ ಮಾಡಿ ಉಳಿಸುವುದು ಜಾಣತನ. ಎಲ್ಲ ಮನೆಯವರೂ ಒಟ್ಟಿಗೆ ಹಾಗೆ ಮಾಡಿದರೆ? ಒಬ್ಬರ ಖರ್ಚು ಇನ್ನೊಬ್ಬರ ಆದಾಯ. ಎಲ್ಲರ ಆದಾಯವೂ ಇಳಿದು, ಕೊನೆಗೆ ಒಟ್ಟು ಉಳಿತಾಯ ಹೆಚ್ಚಾಗದೇ ಹೋಗಬಹುದು. 1933ರಲ್ಲಿ ಅಮೆರಿಕದ ಕೆಲಸಗಾರರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಅವರೆಲ್ಲ ಸೋಮಾರಿಗಳಾಗಿದ್ದರಾ? ಕಾರ್ಖಾನೆಗಳು ಇದ್ದವು, ಕೈಗಳೂ ಇದ್ದವು, ಕೊಳ್ಳುವವರು ಇರಲಿಲ್ಲ. 1936ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಈ ಮಾತನ್ನು ಸಿದ್ಧಾಂತವಾಗಿ ಕಟ್ಟಿದರು.

ಜಿಡಿಪಿಯನ್ನು, ಅಂದರೆ ದೇಶದಲ್ಲಿ ಒಂದು ವರ್ಷದಲ್ಲಿ ತಯಾರಾದ ಸರಕು, ಸೇವೆಗಳ ಒಟ್ಟು ಮೌಲ್ಯವನ್ನು, ಲೆಕ್ಕ ಹಾಕಲು ಕಲಿಸಿದರು. ಅದರಲ್ಲಿ ಏನು ಸೇರುವುದಿಲ್ಲ ಎಂದೂ ಅಷ್ಟೇ ಶ್ರದ್ಧೆಯಿಂದ ಕಲಿಸಿದರು. ಮನೆಯಲ್ಲಿ ಅಡುಗೆ ಮಾಡಿ, ಮಕ್ಕಳನ್ನು ಸಾಕಿ, ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಅಲ್ಲಿ ಜಾಗವಿಲ್ಲ. ಅದೇ ಕೆಲಸಕ್ಕೆ ಸಂಬಳ ಕೊಟ್ಟು ಜನ ಇಟ್ಟುಕೊಂಡರೆ ಜಿಡಿಪಿ ಏರುತ್ತದೆ. ಅಮೆರಿಕದಲ್ಲಿ ರಾಷ್ಟ್ರೀಯ ಆದಾಯದ ಲೆಕ್ಕವನ್ನು ರೂಪಿಸಿದ ಸೈಮನ್ ಕುಜ್ನೆಟ್ಸ್ ಅವರೇ 1934ರಲ್ಲಿ ಅಲ್ಲಿನ ಸಂಸತ್ತಿಗೆ ಕೊಟ್ಟ ವರದಿಯಲ್ಲಿ, ಈ ಅಂಕಿಯಿಂದ ದೇಶದ ಜನರ ಕ್ಷೇಮವನ್ನು ಅಳೆಯಲು ಹೋಗಬೇಡಿ ಎಂಬರ್ಥದ ಎಚ್ಚರಿಕೆ ಕೊಟ್ಟಿದ್ದರು. ಅಳತೆಗೋಲು ಮಾಡಿದವರೇ ಅದರ ಮಿತಿಯನ್ನೂ ಹೇಳಿದ್ದು ನನಗೆ ಬಹಳ ದೊಡ್ಡದು ಅನ್ನಿಸುತ್ತದೆ.

ಆಮೇಲೆ ನಿಜ ಆದಾಯ, ಅಂದರೆ ಬೆಲೆಯೇರಿಕೆಯನ್ನು ಕಳೆದು ನೋಡಿದ ಆದಾಯ. ಸಂಬಳ ಶೇ. 5 ಹೆಚ್ಚಾಯಿತು, ಬೆಲೆಗಳು ಶೇ. 7 ಏರಿದವು. ನಿಮಗೆ ಸಿಕ್ಕಿದ್ದೇನು? ಮತ್ತದೇ ಕೆಂಪು ಇಂಕಿನ ಪ್ರಶ್ನೆ.

ನಿರುದ್ಯೋಗಕ್ಕೂ ಕೂಲಿ, ಬೆಲೆಗಳ ಏರಿಕೆಗೂ ಇರುವ ನಂಟನ್ನು ತೋರಿಸುವ ಫಿಲಿಪ್ಸ್ ರೇಖೆಯನ್ನು ಕಲಿಸಿದ ರೀತಿ ಚೆನ್ನಾಗಿತ್ತು. 1958ರಲ್ಲಿ ಅರ್ಥಶಾಸ್ತ್ರಜ್ಞ ಫಿಲಿಪ್ಸ್ ಅವರು ಬ್ರಿಟನ್ನಿನ 1861ರಿಂದ 1957ರವರೆಗಿನ ಅಂಕಿಗಳನ್ನು ಇಟ್ಟುಕೊಂಡು, ನಿರುದ್ಯೋಗ ಕಡಿಮೆಯಿದ್ದ ವರ್ಷಗಳಲ್ಲಿ ಕೂಲಿ ಬೇಗ ಏರಿದೆ ಎಂದು ತೋರಿಸಿದರು. ನಾವು ಅದನ್ನು ಬಾಯಿಪಾಠ ಮಾಡಿ ಬಂದೆವು. ಮರುವಾರ ಸರ್ 1970ರ ದಶಕದ ಅಂಕಿಗಳನ್ನು ತಂದು, ಇದನ್ನೂ ಅದೇ ಹಾಳೆಯಲ್ಲಿ ಗುರುತು ಹಾಕಿ ಅಂದರು. ಹಣದುಬ್ಬರ, ನಿರುದ್ಯೋಗ ಎರಡೂ ಒಟ್ಟಿಗೆ ಮೇಲೆ ಹೋಗಿದ್ದವು. ಚುಕ್ಕೆಗಳು ನಮ್ಮ ಗೆರೆಯನ್ನು ಬಿಟ್ಟು ಎಲ್ಲೆಲ್ಲೋ ಬಿದ್ದವು. ಜನ ಮುಂದಿನ ಬೆಲೆಯೇರಿಕೆಯನ್ನು ಊಹಿಸಿ ಇವತ್ತೇ ಕೂಲಿ ಕೇಳುತ್ತಾರೆ, ಹಾಗಾಗಿ ಹಳೆಯ ಗೆರೆಯನ್ನು ನಂಬಿ ನೀತಿ ಮಾಡಿದರೆ ಗೆರೆಯೇ ಜಾಗ ಬಿಡುತ್ತದೆ ಎಂಬುದು ನಮ್ಮ ಕೈಯಾರೆ ಹಾಕಿದ ಚುಕ್ಕೆಗಳಿಂದ ಗೊತ್ತಾಯಿತು.

ಇನ್ನು ಗಣಿತ, ಸ್ಟಾಟಿಸ್ಟಿಕ್ಸ್. ಸೇರುವ ಮೊದಲು ಯಾರೂ ಇದನ್ನು ಸರಿಯಾಗಿ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಗಣಿತ ಇದೆ, ಜಾಸ್ತಿಯೇ ಇದೆ. ಡಿಫರೆನ್ಷಿಯೇಷನ್ ಬಾರದೆ ಎರಡನೇ ವರ್ಷ ದಾಟುವುದು ಕಷ್ಟ. ಹೆದರುವ ಅಗತ್ಯವಿಲ್ಲ, ದಿನಾ ಒಂದೆರಡು ಲೆಕ್ಕ ಮಾಡಿದರೆ ಸಾಕು. ನಾನು ಪರೀಕ್ಷೆಯ ಹಿಂದಿನ ವಾರ ಕೂತು ಕಲಿಯಲು ಹೋಗಿ ಒಂದು ಪೇಪರನ್ನು ಎರಡನೇ ಸಲ ಬರೆಯಬೇಕಾಯಿತು.

ಎಕನಾಮೆಟ್ರಿಕ್ಸ್, ಅಂದರೆ ಅರ್ಥಶಾಸ್ತ್ರದ ಮಾತುಗಳನ್ನು ಅಂಕಿಅಂಶ ಹಿಡಿದು ಪರೀಕ್ಷಿಸುವ ಪಾಠ, ಬಂದ ಮೇಲೆ ಮಾತ್ರ ಮೊದಲ ವರ್ಷದ ಆ ಗ್ರಾಫ್ ಹಾಳೆಗೂ ಹೊರಗಿನ ಪ್ರಪಂಚಕ್ಕೂ ಸೇತುವೆ ಸಿಕ್ಕಿತು. ಕನಿಷ್ಠ ವೇತನ ಏರಿಸಿದರೆ ಕೆಲಸಗಳು ಕಡಿಮೆಯಾಗುತ್ತವಾ? ಕೂಲಿಯೂ ಒಂದು ಬೆಲೆ ತಾನೇ, ಮೊದಲ ವರ್ಷದ ಚಿತ್ರ ಹೌದು ಅನ್ನುತ್ತದೆ. 1992ರ ಏಪ್ರಿಲ್ 1ರಂದು ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿತು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅವರು ಏರಿಕೆಗೆ ಮೊದಲು ಮತ್ತು ನಂತರ, ನ್ಯೂಜೆರ್ಸಿ ಹಾಗೂ ಪಕ್ಕದ ಪೆನ್ಸಿಲ್ವೇನಿಯಾದ ಒಟ್ಟು 410 ಫಾಸ್ಟ್ ಫುಡ್ ಹೋಟೆಲುಗಳಲ್ಲಿ ಎಷ್ಟು ಜನ ಕೆಲಸ ಮಾಡುತ್ತಿದ್ದಾರೆ ಎಂದು ವಿಚಾರಿಸಿದರು. ಸರ್ ನಮಗೆ ನ್ಯೂಜೆರ್ಸಿಯ ಎರಡು ಅಂಕಿ ಮಾತ್ರ ಕೊಟ್ಟರು. ಒಂದು ಹೋಟೆಲಿಗೆ ಸರಾಸರಿ 20.4 ಜನ ಇದ್ದದ್ದು 21.0 ಆಗಿದೆ. ಅಂದ್ರೆ ಹೆಚ್ಚುಕಡಿಮೆ ಏನೂ ಆಗಿಲ್ಲ ಅಂದೆವು. ಸರ್ ಸುಮ್ನೆ ನಿಂತಿದ್ದರು. ಹಿಂದಿನ ಬೆಂಚಿನಿಂದ ಯಾರೋ ಕೇಳಿದರು: ‘ಯಾವುದಕ್ಕೆ ಹೋಲಿಸಿದರೆ?’

ಆಗ ಪೆನ್ಸಿಲ್ವೇನಿಯಾದ ಅಂಕಿ ಬೋರ್ಡಿಗೆ ಬಂತು. ಅಲ್ಲಿ ವೇತನ ಏರಿಸಿರಲಿಲ್ಲ. ಆದರೂ 23.3 ಇದ್ದದ್ದು 21.2ಕ್ಕೆ ಇಳಿದಿತ್ತು. ವೇತನ ಏರಿಸದಿದ್ದರೆ ನ್ಯೂಜೆರ್ಸಿಯಲ್ಲೂ ಇಷ್ಟೇ ಇಳಿಯುತ್ತಿತ್ತು ಎಂದು ಒಪ್ಪಿಕೊಂಡರೆ ಲೆಕ್ಕವೇ ಬೇರೆ, ಕೆಲಸಗಳು ಕಡಿಮೆಯಾಗುವ ಬದಲು ಹೆಚ್ಚೇ ಆದಂತೆ. ಆ ‘ಒಪ್ಪಿಕೊಂಡರೆ’ ಇದೆಯಲ್ಲ, ಅದರ ಮೇಲೆ ಎರಡು ವಾರ ಜಗಳವಾಡಿದೆವು. 1994ರಲ್ಲಿ ಈ ಅಧ್ಯಯನ ಹೊರಬಂದ ಮೇಲೆ ಹೋಟೆಲುಗಳ ಸಂಬಳದ ದಾಖಲೆ ಹಿಡಿದು ಬೇರೆ ಉತ್ತರ ಕಂಡ ಸಂಶೋಧಕರೂ ಇದ್ದರು. ಸರ್ ಎರಡೂ ಕಡೆಯದನ್ನು ಓದಿಸಿದರು. ಮೊದಲ ವರ್ಷದ ಚಿತ್ರ ಸುಳ್ಳಾಯಿತಾ ಎಂದು ನಾವು ಕೇಳಿದೆವು. ಊರಿಗೊಬ್ಬರೇ ಕೆಲಸ ಕೊಡುವವರಿದ್ದು ಅವರೇ ಕೂಲಿ ನಿಗದಿ ಮಾಡುವಂತಿದ್ದರೆ ಚಿತ್ರ ಬೇರೆಯಾಗಿರುತ್ತದೆ, ಅದೂ ಪಠ್ಯದಲ್ಲೇ ಇದೆ, ನೀವು ಆ ಅಧ್ಯಾಯ ಬಿಟ್ಟು ಓದಿದ್ದೀರಿ ಅಂದರು. ನಿಜ, ಬಿಟ್ಟಿದ್ದೆವು. 2021ರಲ್ಲಿ ಕಾರ್ಡ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದ ದಿನ ನಮ್ಮ ಬ್ಯಾಚಿನ ಗುಂಪಿನಲ್ಲಿ ಮೊದಲು ಬಂದ ಮೆಸೇಜು 23.3, 21.2 ಎಂಬ ಎರಡು ಸಂಖ್ಯೆ, ಅಷ್ಟೇ. ಕ್ರೂಗರ್ 2019ರಲ್ಲೇ ತೀರಿಕೊಂಡಿದ್ದರು.

ಸಾರ್ವಜನಿಕ ಹಣಕಾಸು, ಬ್ಯಾಂಕಿಂಗ್, ಆರ್ಥಿಕ ಚಿಂತನೆಯ ಇತಿಹಾಸ, ಇವೆಲ್ಲ ಇದ್ದವು, ಉಪಯೋಗಕ್ಕೂ ಬಂದವು. ನನ್ನ ಮನಸ್ಸಿನಲ್ಲಿ ಕೂತಿದ್ದು ಅಭಿವೃದ್ಧಿ ಅರ್ಥಶಾಸ್ತ್ರದ ಒಂದು ಪಾಠ. 1943ರ ಬಂಗಾಳದ ಬರಗಾಲದಲ್ಲಿ ಲಕ್ಷಾಂತರ ಜನ ಸತ್ತರು. ಧಾನ್ಯವೇ ಇರಲಿಲ್ಲ, ಅದಕ್ಕೆ ಸತ್ತರು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅಮರ್ತ್ಯ ಸೇನ್ ಲೆಕ್ಕ ಹಾಕಿ ನೋಡಿದಾಗ 1943ರಲ್ಲಿ ಸಿಗುತ್ತಿದ್ದ ಧಾನ್ಯ 1941ಕ್ಕಿಂತ ಹೆಚ್ಚೇ ಇತ್ತು. 1941ರಲ್ಲಿ ಬರಗಾಲ ಬಂದಿರಲಿಲ್ಲ. ಯುದ್ಧದ ಖರ್ಚಿನಿಂದ ಅಕ್ಕಿಯ ಬೆಲೆ ಹಾರಿತು, ಕೃಷಿ ಕೂಲಿಗಳ ಕೂಲಿ ಹಾರಲಿಲ್ಲ. ಅಕ್ಕಿ ಇತ್ತು, ಅದನ್ನು ಪಡೆಯುವ ಶಕ್ತಿ ಅವರಿಗಿರಲಿಲ್ಲ. ಆ ದಿನ ಕ್ಲಾಸು ಮುಗಿದ ಮೇಲೂ ನಾಲ್ಕೈದು ಜನ ಎದ್ದು ಹೋಗದೆ ಕೂತೇ ಇದ್ದೆವು. ಎರಡು ವರ್ಷಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ಇಷ್ಟೊಂದು ಜೀವಗಳ ಕಥೆ ಇರುತ್ತದೆ ಎಂದು ನಾನು ಈ ಕೋರ್ಸ್ ತೆಗೆದುಕೊಳ್ಳುವಾಗ ತಿಳಿದಿರಲಿಲ್ಲ.

ವಿಭಾಗದವರಲ್ಲಿ ನನ್ನದೊಂದು ಕೋರಿಕೆ. ಈಗ ಚಿತ್ರಗಳನ್ನೆಲ್ಲ ಕಂಪ್ಯೂಟರಿನಲ್ಲೇ ಬರೆಸುತ್ತೀರಿ ಎಂದು ಕೇಳಿದೆ. ಎಕನಾಮೆಟ್ರಿಕ್ಸಿಗೆ ಅದು ಬೇಕೇ ಬೇಕು, ನಮಗೆ ಅದು ಸಾಕಷ್ಟು ಸಿಗಲಿಲ್ಲ ಎಂಬ ಕೊರಗೂ ನನಗಿದೆ. ಆದರೆ ಮೊದಲ ವರ್ಷದ ಎರಡನೇ ವಾರದ ಆ ಗ್ರಾಫ್ ಹಾಳೆಯ ಕ್ಲಾಸನ್ನು ಮಾತ್ರ ದಯವಿಟ್ಟು ಟೈಮ್‌ಟೇಬಲ್ಲಿನಿಂದ ತೆಗೆಯಬೇಡಿ. ಕಂಪ್ಯೂಟರ್ ಗೆರೆಯನ್ನು ತಾನೇ ಸರಿಸಿ ತೋರಿಸಿಬಿಡುತ್ತದೆ. ಪೆನ್ಸಿಲ್ ಹಿಡಿದವರು ಮಾತ್ರ ಗೆರೆ ಸರಿಸಬೇಕೋ, ಬಿಂದು ಸರಿಸಬೇಕೋ ಎಂದು ಅರ್ಧ ಗಂಟೆ ಯೋಚಿಸಬೇಕಾಗುತ್ತದೆ. ಹಾಳೆಗಳ ಖರ್ಚು ನಮ್ಮ ಬ್ಯಾಚಿನವರು ನೋಡಿಕೊಳ್ಳುತ್ತೇವೆ. ಕೆಂಪು ಪೆನ್ನುಗಳದ್ದೂ.